ಮೂರನೆಯ ಕೆಂಪು ಚೀಟಿ

ಕಾರಿಮಂಗಲಂನ ಒಂದು ಖಾಸಗಿ ಶಾಲೆಯಲ್ಲಿ ಕ್ರೀಡಾ ದಿನದ ಪಂಜು ಎಂದರೆ ಹಾಲಿನಪುಡಿಯ ಡಬ್ಬ, ಅದರ ಬಾಯಿಗೆ ಸಿಕ್ಕಿಸಿದ ಕಿತ್ತಳೆ ಬಣ್ಣದ ಜಿಲೇಟಿನ್ ಕಾಗದ. ಎಂಟನೇ ತರಗತಿಯ ಹುಡುಗಿಯೊಬ್ಬಳು ಅದನ್ನು ಎತ್ತಿ ಹಿಡಿದು ಮೈದಾನಕ್ಕೆ ಒಂದು ಸುತ್ತು ಬರುತ್ತಾಳೆ. ಆಮೇಲೆ ದೈಹಿಕ ಶಿಕ್ಷಣದ ಟೀಚರ್ ಮೇನಕಾ ಮೈಕಿನ ಮುಂದೆ ನಿಂತು ಹತ್ತು ನಿಮಿಷ ಕ್ರೀಡಾಕೂಟಗಳ ಚರಿತ್ರೆ ಹೇಳಬೇಕು. ಅದು ಹೆಡ್‌ಮಿಸ್ಟ್ರೆಸ್ ಮಾಡಿರುವ ನಿಯಮ.

ಮೇನಕಾ ಹೇಳುತ್ತಾಳೆ. ಒಲಿಂಪಿಯಾದಲ್ಲಿ ಪಂದ್ಯಕ್ಕೆ ಮುಂಚೆ ಓಟಗಾರರು ಮಾತ್ರವಲ್ಲ, ಅವರ ಅಪ್ಪಂದಿರು, ಅಣ್ಣತಮ್ಮಂದಿರೂ ದೇವರ ಮುಂದೆ ಆಣೆ ಇಡುತ್ತಿದ್ದರು. ಮೋಸ ಮಾಡಿ ಸಿಕ್ಕಿಬಿದ್ದವರಿಂದ ದಂಡ ವಸೂಲು ಮಾಡಿ, ಆ ಹಣದಲ್ಲಿ ವಿಗ್ರಹ ಮಾಡಿಸಿ ಮೈದಾನದ ದಾರಿಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಮುಂದೆ ಪಂದ್ಯಕ್ಕೆ ಹೋಗುವವರೆಲ್ಲ ಅವುಗಳನ್ನು ದಾಟಿಕೊಂಡೇ ಹೋಗಬೇಕಿತ್ತು. ಐವತ್ತೊಂದರಲ್ಲಿ ಹನ್ನೊಂದು ದೇಶಗಳು ದೆಹಲಿಯಲ್ಲಿ ಸೇರಿ ಮೊದಲ ಏಷ್ಯಾ ಕ್ರೀಡಾಕೂಟ ನಡೆಸಿದವು. ಏಷ್ಯಾ ಕೂಟಗಳ ಘೋಷವಾಕ್ಯ ‘ಸದಾ ಮುಂದಕ್ಕೆ’. ಎಪ್ಪತ್ತೆರಡರ ಮ್ಯೂನಿಕ್ ಒಲಿಂಪಿಕ್ಸ್‌ನಿಂದ ತೀರ್ಪುಗಾರರೂ ಪ್ರಮಾಣ ಮಾಡುವ ಪದ್ಧತಿ ಬಂತು.

ಇಷ್ಟು ಮುಗಿಯುವಷ್ಟರಲ್ಲಿ ಯಾವುದಾದರೂ ಒಂದು ಮಗು ಕೈ ಎತ್ತುತ್ತದೆ. “ಮೇಡಂ, ನೀಂಗ ಏಷ್ಯಾಡ್ ಪೋಯಿ ಎತ್ತನಾವದು ವಂದೀಂಗ?” ಎಷ್ಟನೆಯವರಾಗಿ ಬಂದಿರಿ ಎಂದು ಅದರ ಪ್ರಶ್ನೆ.

ಸ್ಥಾನ ಇಲ್ಲ ಎನ್ನುತ್ತಾಳೆ ಮೇನಕಾ.

ಕೊನೆಯಾ ಮೇಡಂ?

ಕೊನೆಗೆ ಬಂದವಳಿಗೂ ಒಂದು ನಂಬರ್ ಕೊಡ್ತಾರೆ. ನನಗೆ ಅದೂ ಇಲ್ಲ.

ಮಕ್ಕಳು ನಗುತ್ತಾರೆ. ಮೇಡಂ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾರೆ.

ಮೇನಕಾಳ ಊರು ಪಾಲಮಲೆ. ಕೊಳತ್ತೂರಿನಿಂದ ತಲೆ ಎತ್ತಿ ನೋಡಿದರೆ ಮೋಡದ ಪಕ್ಕದಲ್ಲಿ ಕಾಣುವ ಬೆಟ್ಟ. ಮೇಲಿನ ಹಟ್ಟಿಗಳಲ್ಲಿ ಬೆಳೆದ ಸಾಮೆ, ರಾಗಿ, ಹಲಸು, ಹುಣಸೆ ಎಲ್ಲವೂ ಅವಳ ಚಿಕ್ಕಂದಿನಲ್ಲಿ ತಲೆಯ ಮೇಲೇ ಕೆಳಗಿಳಿಯುತ್ತಿದ್ದವು. ಉಪ್ಪು, ಸೀಮೆಎಣ್ಣೆ ಅದೇ ತಲೆಯ ಮೇಲೆ ಹತ್ತುತ್ತಿದ್ದವು. ಹಾಗಾಗಿ ಆ ಬೆಟ್ಟದ ಮಕ್ಕಳಿಗೆ ನಡಿಗೆ ಎರಡು ಸಲ ಕಲಿಸುತ್ತಾರೆ. ಮೊದಲನೆಯದು ಎಲ್ಲ ಮಕ್ಕಳೂ ಕಲಿಯುವುದು. ಎರಡನೆಯದು ಎಂಟು ವರ್ಷವಾಗಿ ತಲೆಗೆ ಮೊದಲ ಹೊರೆ ಏರಿದ ದಿನ. ಮನೆಯ ಹಿರಿಯಳು ಕೈಯಲ್ಲಿ ಲಂಟಾನದ ಕಡ್ಡಿ ಹಿಡಿದು ಮಗುವಿನ ಹಿಂದೆಯೇ ಇಳಿಯುತ್ತಾಳೆ. ಮಂಡಿ ಬಿಗಿಯಾಗಿ ನೆಟ್ಟಗಾಯಿತು ಎಂದು ಕಂಡ ಕೂಡಲೇ ಮಂಡಿಯ ಹಿಂಬದಿಗೆ ಚಟ್ ಎಂದು ಒಂದು ಏಟು.

“ಮಂಡಿ ಬುಡು!”

ಅಷ್ಟೇ ಪಾಠ. ಬಿಗಿದ ಮಂಡಿ ಜಾರುಗಲ್ಲಿನ ಮೇಲೆ ತಡೆದುಕೊಳ್ಳುವುದಿಲ್ಲ. ಸಡಿಲ ಬಿಟ್ಟ ಮಂಡಿ ಹೊರೆಯನ್ನೂ ಜೀವವನ್ನೂ ಕಾಯುತ್ತದೆ. ಮೇನಕಾಳ ಅಜ್ಜಿ ಗಂಗಲಕ್ಷ್ಮಮ್ಮ ತನ್ನ ಮೊಮ್ಮಗಳ ಜೊತೆಗೆ ಪಕ್ಕದ ಮನೆಯ ಚಿನ್ನತಾಯಿಗೂ ಅದೇ ಕಡ್ಡಿಯಲ್ಲಿ ಅದೇ ವರ್ಷ ಇದನ್ನು ಕಲಿಸಿದಳು. ಇಬ್ಬರೂ ಒಂದೇ ವಯಸ್ಸಿನವರು. ಇಳಿಯುವಾಗ ಪಂದ್ಯ ಕಟ್ಟಿಕೊಂಡು ಇಳಿಯುತ್ತಿದ್ದರು. ಸುಸ್ತಾದವಳಿಗೆ ಇನ್ನೊಬ್ಬಳು ಹಿಂದಿನಿಂದ ಕೂಗುತ್ತಿದ್ದ ಮಾತೂ ಅದೇ: ಮಂಡಿ ಬುಡು. ಬೇರೆ ಊರುಗಳಲ್ಲಿ ‘ಬಿಡಬೇಡ’, ‘ಇನ್ನೊಂಚೂರು’ ಎನ್ನುವ ಕಡೆ ಪಾಲಮಲೆಯಲ್ಲಿ ಹೀಗೆನ್ನುತ್ತಾರೆ.

ಕೆಳಗಿನ ಹೈಸ್ಕೂಲಿನ ಪಿ.ಟಿ. ಮಾಸ್ಟರ್ ಶಿವರಾಮನ್ ಒಂದು ದಿನ ಈ ಇಬ್ಬರು ಹುಡುಗಿಯರು ತಲೆಯ ಮೇಲೆ ಹುಣಸೆಯ ಮೂಟೆ ಹೊತ್ತು ಬಸ್ಸನ್ನೇ ಹಿಂದೆ ಹಾಕುವಂತೆ ಬರುವುದನ್ನು ನೋಡಿದರು. ಚಿನ್ನತಾಯಿಗೆ ಅದಾಗಲೇ ಮದುವೆ ಗೊತ್ತಾಗಿತ್ತು. ಮೇನಕಾ ಸಿಕ್ಕಳು. ವೇಗನಡಿಗೆ ಎಂಬ ಸ್ಪರ್ಧೆ ಇದೆ ಎಂದೂ, ನಡೆದದ್ದಕ್ಕೆ ಪದಕ ಕೊಡುತ್ತಾರೆ ಎಂದೂ ಅವಳಿಗೆ ಗೊತ್ತಾದದ್ದು ಆಗಲೇ.

ಆ ಸ್ಪರ್ಧೆಗೆ ಇರುವುದು ಎರಡೇ ನಿಯಮ. ಒಂದು ಪಾದ ಸದಾ ನೆಲದ ಮೇಲಿರಬೇಕು. ಮುಂದಿಟ್ಟ ಕಾಲು ನೆಲ ಮುಟ್ಟಿದ ಗಳಿಗೆಯಿಂದ ಮೈಯ ಕೆಳಗೆ ನೇರವಾಗಿ ಬರುವವರೆಗೂ ಮಂಡಿ ಬಗ್ಗಬಾರದು. ದಾರಿಯುದ್ದಕ್ಕೂ ತೀರ್ಪುಗಾರರು ನಿಂತಿರುತ್ತಾರೆ. ತಪ್ಪಾಗುತ್ತಿದೆ ಎನಿಸಿದರೆ ಹಿಡಿಯಿರುವ ಹಳದಿ ತಟ್ಟೆ ತೋರಿಸಿ ಎಚ್ಚರಿಸುತ್ತಾರೆ. ತಪ್ಪಾಯಿತು ಎಂದು ಖಚಿತವಾದರೆ ಕೆಂಪು ಚೀಟಿ ಬರೆದು ಕಳಿಸುತ್ತಾರೆ. ಮೂವರು ಬೇರೆ ಬೇರೆ ತೀರ್ಪುಗಾರರ ಚೀಟಿ ಬಿದ್ದರೆ ಮುಖ್ಯ ತೀರ್ಪುಗಾರ ಕೆಂಪು ತಟ್ಟೆ ತೋರಿಸಿ ಆಚೆ ಹಾಕುತ್ತಾನೆ.

ಶಿವರಾಮನ್‌ಗೆ ನಿಯಮ ಗೊತ್ತಿತ್ತು. ಮೇನಕಾ ಮೂವತ್ತು ಜನರನ್ನು ಅರ್ಧ ಸುತ್ತು ಹಿಂದೆ ಹಾಕಿ ಬರುವಾಗ ಮಂಡಿಯ ಮಾತೆತ್ತಲು ಅವರಿಗೆ ಮನಸ್ಸಾಗಲಿಲ್ಲ. ಜಿಲ್ಲೆಯ ತೀರ್ಪುಗಾರರಿಗೂ ರಾಜ್ಯದ ತೀರ್ಪುಗಾರರಿಗೂ ಮನಸ್ಸಾಗಲಿಲ್ಲ. ಬೆಟ್ಟದ ಹುಡುಗಿ, ಬಡ ಹುಡುಗಿ, ಹೋಗಲಿ ಬಿಡಿ ಎಂದರು. ಒಂದೊಂದು ಕೂಟದಲ್ಲೂ ಆ ಕರುಣೆ ಅವಳನ್ನು ಒಂದೊಂದು ಮೆಟ್ಟಿಲು ಮೇಲಕ್ಕೆ ಕಳಿಸಿತು. ಕೊನೆಗೆ ಇಪ್ಪತ್ಮೂರನೆಯ ವಯಸ್ಸಿನಲ್ಲಿ, ದೇಶದ ಲಾಂಛನವಿರುವ ಬ್ಲೇಜರ್ ತೊಟ್ಟು, ಕಡಲಾಚೆಯ ಒಂದು ನಗರದ ಮೈದಾನದಲ್ಲಿ ಆತಿಥೇಯರ ಲಿಪಿಯ ಅಕ್ಷರಮಾಲೆಯಂತೆ ಸಾಲುಗಟ್ಟಿದ ದೇಶಗಳ ನಡುವೆ ಅವಳೂ ನಡೆದಳು. ಆತಿಥೇಯರು ಕೊನೆಯಲ್ಲಿ ಬರುವುದು ಪದ್ಧತಿ. ಅವರು ಬರುವವರೆಗೆ ಎರಡು ಗಂಟೆ ನಿಂತಿದ್ದಳು. ಕಾಲು ಸ್ವಲ್ಪವೂ ನೋಯಲಿಲ್ಲ.

ಇಪ್ಪತ್ತು ಕಿಲೋಮೀಟರಿನ ನಡಿಗೆಯಲ್ಲಿ ಹದಿನೆಂಟನೆಯ ಕಿಲೋಮೀಟರಿಗೆ ಅವಳು ಮೂರನೆಯವಳಾಗಿದ್ದಳು. ಚೀಟಿಗಳ ಲೆಕ್ಕ ತೋರಿಸುವ ಹಲಗೆಯ ಮೇಲೆ ಅವಳ ನಂಬರಿನ ಮುಂದೆ ಎರಡು ಕೆಂಪು ಗುರುತು ಬಿದ್ದಿದ್ದವು. ಉಸಿರು ಕಟ್ಟಿ ತೊಡೆ ಕಲ್ಲಾದ ಹೊತ್ತಿನಲ್ಲಿ ಅವಳ ತಲೆಯೊಳಗೆ ಕೇಳಿಸಿದ್ದು ಅಜ್ಜಿಯ ದನಿ. ಮಂಡಿ ಬುಡು. ಬಿಟ್ಟಳು. ಎಷ್ಟು ಹಗುರವಾಯಿತೆಂದರೆ, ಎದುರಿಗೆ ಒಬ್ಬ ಮುದುಕ ಕೆಂಪು ತಟ್ಟೆ ಹಿಡಿದು ನಿಂತಾಗ ಅದು ತನ್ನ ಹಿಂದಿನವಳಿಗೆ ಎಂದುಕೊಂಡು ಇನ್ನೂ ಮುನ್ನೂರು ಮೀಟರ್ ನಡೆದಳು. ಇಬ್ಬರು ಹುಡುಗಿಯರು ಓಡಿಬಂದು ತೋಳು ಹಿಡಿದು ರಸ್ತೆಯ ಬದಿಗೆ ಎಳೆದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅದು ಅವಳ ಹಿಂದಿನವಳಿಗೆ.

ಹಿಂದಿನವಳು ಕಜಕಸ್ತಾನದವಳು. ಕಂಚು ಅವಳಿಗೆ ಹೋಯಿತು. ಮುಕ್ತಾಯದ ದಿನ ಆಟಗಾರರು ದೇಶ ದೇಶವಾಗಿ ಬರುವುದಿಲ್ಲ, ಎಲ್ಲರೂ ಕಲಸಿಕೊಂಡು ಬರುತ್ತಾರೆ. ಮೆಲ್ಬರ್ನ್ ಒಲಿಂಪಿಕ್ಸ್ ಹೊತ್ತಿಗೆ ಯಾರೋ ಹದಿನೇಳರ ಹುಡುಗ ಹಾಗೆ ಮಾಡಿ ಎಂದು ಕಾಗದ ಬರೆದಿದ್ದನಂತೆ, ಅಂದಿನಿಂದ ಬಂದ ಪದ್ಧತಿ. ಆ ಗುಂಪಿನಲ್ಲಿ ಕಜಕಸ್ತಾನದ ಹುಡುಗಿ ಮೇನಕಾಳನ್ನು ಹುಡುಕಿಕೊಂಡು ಬಂದು, ತನ್ನ ಕೋಟಿನಿಂದ ಒಂದು ಪಿನ್ನು ಬಿಚ್ಚಿ ಇವಳ ಕೋಟಿಗೆ ಚುಚ್ಚಿದಳು. ಆಟಗಾರರು ಪಿನ್ನು ಬದಲಾಯಿಸಿಕೊಳ್ಳುವುದು ವಾಡಿಕೆ. ಮೇನಕಾಳ ಹತ್ತಿರ ಕೊಡಲು ಪಿನ್ನಿರಲಿಲ್ಲ. ತಂಡಕ್ಕೆ ಹಂಚಿದಾಗ ಅವಳ ಪಾಲಿನವನ್ನು ಯಾರೋ ಅಧಿಕಾರಿ ತಮ್ಮ ಮಕ್ಕಳಿಗೆಂದು ಇಟ್ಟುಕೊಂಡಿದ್ದರು. ಆ ನೀಲಿ ಪಿನ್ನಿನಿಂದ ಈಗ ಅವಳು ಸೆರಗಿನ ನೆರಿಗೆ ಸಿಕ್ಕಿಸಿಕೊಳ್ಳುತ್ತಾಳೆ. ಗಟ್ಟಿ ಪಿನ್ನು.

ಆಚೆ ಹಾಕುವುದಕ್ಕೂ ಮೋಸಕ್ಕೂ ಇರುವ ವ್ಯತ್ಯಾಸವನ್ನು ಪಾಲಮಲೆಗೆ ವಿವರಿಸುವವರಿರಲಿಲ್ಲ. ‘ತಪ್ಪು ಮಾಡಿ ಸಿಕ್ಕಾಕೊಂಡ್ಳಂತೆ’ ಎಂದಿತು ಊರು. ಊಸಿ ಹಾಕಿಸಿಕೊಂಡಿದ್ದಳಂತೆ ಎಂದರು ಕೆಲವರು. ಸೂಜಿಮದ್ದಿನ ಸುದ್ದಿ ಆ ವರ್ಷ ಟಿವಿಯಲ್ಲಿ ಬರುತ್ತಿತ್ತು. ಅಪ್ಪ ರಾಮಪ್ಪ ಮಾತ್ರ ಒಂದೇ ಪ್ರಶ್ನೆ ಕೇಳಿದ. “ಮಂಡಿ ಬಗ್ಗುಸುದ್ರೆ ತಪ್ಪಾ? ಮತ್ತೆ ದ್ಯಾವ್ರು ಮಡಿಕೆ ಯಾಕ್ ಇಟ್ಟವ್ನೆ ಅಲ್ಲಿ?” ರಾಜ್ಯದ ಹಳೆಯ ತೀರ್ಪುಗಾರರೊಬ್ಬರು ಸೇಲಂ ಬಸ್ ನಿಲ್ದಾಣದಲ್ಲಿ ಸಿಕ್ಕಿ, ಬೆನ್ನು ತಟ್ಟಿ ಹೇಳಿದರು: “ಎನಕ್ಕು ಅಪ್ಪವೇ ತೆರಿಯುಂ ಮ್ಮಾ, ಉನ್ ಮುಟ್ಟಿ ಮಡಂಗುದುನ್ನು.” ನಿನ್ನ ಮಂಡಿ ಬಗ್ಗುತ್ತದೆ ಎಂದು ನನಗೆ ಆಗಲೇ ಗೊತ್ತಿತ್ತಮ್ಮಾ.

ಗೊತ್ತಿತ್ತು. ಊಸಿಯ ಮಾತಿಗಿಂತಲೂ ಅದು ಅವಳಿಗೆ ಆಳಕ್ಕೆ ಇಳಿಯಿತು. ಪದಕವಿಲ್ಲದ್ದಕ್ಕೆ ಕ್ರೀಡಾ ಮೀಸಲಾತಿಯ ಕೆಲಸ ಬರಲಿಲ್ಲ. ಶಾಲೆಯ ಹಂಗಾಮಿ ಕೆಲಸ ಹಿಡಿದಳು. ತೀರ್ಪುಗಾರರ ಪರೀಕ್ಷೆಗೆ ಕೂತು ಎರಡನೇ ಸಲಕ್ಕೆ ಪಾಸಾದಳು.

ಚಿನ್ನತಾಯಿಯ ಮಗಳು ಕಾರ್ತಿಕಾ ಹದಿನಾರಕ್ಕೇ ಜಿಲ್ಲೆ ಗೆದ್ದಳು. ಬೆಟ್ಟಕ್ಕೆ ಈಗ ಜೀಪು ಹೋಗುತ್ತದೆ; ಆದರೂ ಚಿನ್ನತಾಯಿ ಮಗಳಿಗೆ ಎಂಟನೇ ವರ್ಷದಲ್ಲಿ ಹೊರೆ ಹೊರಿಸಿ, ಕಡ್ಡಿ ಹಿಡಿದು ಹಿಂದೆ ಇಳಿದಿದ್ದಳು. ಅದು ಬಿಡಬಾರದ ಶಾಸ್ತ್ರ. ಕೋಚ್ ಮತ್ತೆ ಅದೇ ಶಿವರಾಮನ್, ಈಗ ನಿವೃತ್ತರು, ಹಟ ಮಾತ್ರ ಹಾಗೆಯೇ ಇತ್ತು. ಹುಡುಗಿಯ ನಡಿಗೆಯನ್ನು ಮೇನಕಾ ಒಂದೇ ಸಲ ನೋಡಿದಳು. ಅವತ್ತೇ ಬೆಟ್ಟ ಹತ್ತಿದಳು.

“ಮೂರು ತಿಂಗಳು ನನ್ ತಾವ ಬುಡು ಚಿನ್ನತಾಯಿ. ಮಂಡಿ ತಿದ್ದಿ ಕಳುಸ್ತೀನಿ.”

ಚಿನ್ನತಾಯಿ ಸಾಮೆ ಕೇರುತ್ತಿದ್ದವಳು ಮೊರ ಕೆಳಗಿಡಲಿಲ್ಲ. “ಮಾಸ್ಟ್ರು ಬ್ಯಾಡ ಅಂದವ್ರೆ. ಸ್ಪೀಡು ಓಯ್ತದಂತೆ.”

“ಮಾಸ್ಟ್ರು ನನಗೂ ಅಂಗೇ ಅಂದಿದ್ರು.”

“ಲೇ, ನಿನ್ ಕಾಲೇ ಗೆಲ್ಲಿಲ್ಲ. ನನ್ ಮಗಳ ಕಾಲ ತಿದ್ದೀಯಾ?” ಎಂದು ನಕ್ಕಳು. ನಗುವಿನಲ್ಲಿ ಕೆಟ್ಟತನ ಇರಲಿಲ್ಲ. ಹೊರಡುವಾಗ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟಳು.

ಹೋದ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ನಲ್ಲಂಪಳ್ಳಿಯ ಹತ್ತಿರ ರಾಜ್ಯದ ಆಯ್ಕೆ ಸ್ಪರ್ಧೆ ನಡೆಯಿತು. ಒಂದು ಕಿಲೋಮೀಟರಿನ ರಸ್ತೆ, ಇಪ್ಪತ್ತು ಸುತ್ತು. ಮೊದಲ ಇಬ್ಬರಿಗೆ ರಾಷ್ಟ್ರೀಯ ಶಿಬಿರ. ಏಷ್ಯಾ ಕ್ರೀಡಾಕೂಟದ ತಂಡ ಹೊರಡುವುದು ಆ ಶಿಬಿರದಿಂದಲೇ. ಕಾರ್ತಿಕಾಗೆ ಹತ್ತೊಂಬತ್ತು. ಮುಖ್ಯ ತೀರ್ಪುಗಾರ ಹರಿಹರನ್ ಬೆಳಗ್ಗೆ ಪಟ್ಟಿ ನೋಡಿ ಮೇನಕಾಳನ್ನು ಕೇಳಿದರು.

“ಹದಿನಾಲ್ಕನೇ ನಂಬರ್ ಹುಡುಗಿ ನಿಮ್ಮ ಊರು. ಸೊಂದಮಾ?” ಸಂಬಂಧವಾ ಎಂದು.

“ಇಲ್ಲ ಸಾರ್. ಊರವಳು ಅಷ್ಟೇ.”

ಆರು ತೀರ್ಪುಗಾರರಲ್ಲಿ ಮೇನಕಾಳಿಗೆ ಸಿಕ್ಕಿದ್ದು ದೂರದ ತಿರುವು, ಹುಣಸೆಮರದ ಪಕ್ಕ. ಅಲ್ಲಿ ರಸ್ತೆ ಸ್ವಲ್ಪ ಏರುತ್ತದೆ. ಏರಿನಲ್ಲಿ ಮಂಡಿ ಸುಳ್ಳು ಹೇಳುವುದಿಲ್ಲ. ಹಣ್ಣಿನ ಚೀಲ, ನೀರಿನ ಬಾಟಲಿ ಹಿಡಿದು ಚಿನ್ನತಾಯಿಯೂ ಅಲ್ಲಿಗೇ ಬಂದು ಮರದ ಬುಡದಲ್ಲಿ ಕೂತಳು.

“ನಮ್ಮೋಳು ನಿಂತಿರೋ ಕಡೆ ಕುಂತ್ಕೊಂಡ್ರೆ ಧೈರ್ಯ” ಎಂದಳು.

“ನಾನು ಇವತ್ತು ಯಾರೋಳೂ ಅಲ್ಲ ಕಣೇ. ಮಾತಾಡಿಸ್ಬ್ಯಾಡ.”

“ಓಹೋ, ಮೇಡಂ! ಟೋಪಿ ಹಾಕ್ಕೊಂಡ ಮೇಲೆ ಗೆಳತಿ ಗುರ್ತೇ ಸಿಕ್ಕಲ್ವಾ?”

ಆರನೇ ಸುತ್ತಿನಿಂದ ಕಾರ್ತಿಕಾ ಮುಂದಿದ್ದಳು. ಒಂಬತ್ತನೇ ಸುತ್ತಿಗೆ ಇನ್ನೊಂದು ತಿರುವಿನ ತೀರ್ಪುಗಾರ ಮೊದಲ ಕೆಂಪು ಚೀಟಿ ಕೊಟ್ಟ. ಹನ್ನೆರಡರಲ್ಲಿ ಮೇನಕಾ ಹಳದಿ ತಟ್ಟೆ ತೋರಿಸಿದಳು. ಹುಡುಗಿ ಅದನ್ನು ನೋಡಿ, ತಲೆಯಾಡಿಸಿ, ಹಲ್ಲು ಕಚ್ಚಿ ಮಂಡಿಯನ್ನು ನೆಟ್ಟಗೆ ಮಾಡಿದಳು. ಎಲ್ಲಿ ಕಲಿತಳು ಎಂದು ಮೇನಕಾಳಿಗೆ ಆಶ್ಚರ್ಯವಾಯಿತು. ಅವ್ವನಿಗೂ ಮಾಸ್ಟರಿಗೂ ತಿಳಿಯದಂತೆ ತಾನೇ ಒಬ್ಬಳೇ ತಿದ್ದಿಕೊಂಡಿರಬೇಕು. ಹದಿನಾಲ್ಕರಲ್ಲಿ ಬೇರೊಬ್ಬ ತೀರ್ಪುಗಾರರಿಂದ ಎರಡನೇ ಚೀಟಿ ಬಿತ್ತು. ಅಲ್ಲಿಂದ ಹದಿನೆಂಟರವರೆಗೆ ನಾಲ್ಕು ಸುತ್ತು ಹುಡುಗಿಯ ಕಾಲು ಹೊಲಿಗೆಯಂತ್ರದ ಸೂಜಿಯ ಹಾಗೆ ನೆಟ್ಟಗೆ ಇಳಿಯಿತು. ಮೇನಕಾ ಒಂದೊಂದು ಸುತ್ತನ್ನೂ ಎಣಿಸಿದಳು. ಇನ್ನು ಎರಡೇ ಸುತ್ತು. ತನ್ನ ಮುಂದೆ ಇನ್ನು ಎರಡೇ ಸಲ ಹಾಯಬೇಕು.

ಹತ್ತೊಂಬತ್ತನೇ ಸುತ್ತಿನ ಏರಿಗೆ ಬಂದಾಗ ಕಾರ್ತಿಕಾಳ ಮುಖ ಬೂದಿಯಾಗಿತ್ತು. ಎರಡನೆಯವಳೊಂದಿಗಿದ್ದ ನಲವತ್ತು ಮೀಟರಿನ ಅಂತರ ಇಪ್ಪತ್ತಕ್ಕೆ ಇಳಿದಿತ್ತು. ಮರದ ಬುಡದಿಂದ ಚಿನ್ನತಾಯಿ ಎದ್ದು ನಿಂತಳು. ಬಾಟಲಿ ಕೈಯಿಂದ ಬಿತ್ತು. ಎರಡೂ ಕೈ ಬಾಯಿಗೆ ಹಿಡಿದು, ಬೆಟ್ಟದ ಈ ತುದಿಯಿಂದ ಆ ತುದಿಗೆ ಕೂಗುವ ಹಾಗೆ ಕೂಗಿದಳು.

“ಮಂಡಿ ಬುಡು ಮಗಾ! ಮಂಡಿ ಬುಡು!”

ಮೇನಕಾಳ ಸ್ವಂತ ಮಂಡಿ ಸಡಿಲವಾಯಿತು. ಇಷ್ಟು ವರ್ಷದ ಮೇಲೂ, ನಿಂತ ಕಡೆಯೇ.

ಹುಡುಗಿಯ ಮಂಡಿಯೂ ಸಡಿಲವಾಯಿತು. ಒಂದು ಹೆಜ್ಜೆಯಲ್ಲ, ಎರಡಲ್ಲ, ಏರು ಮುಗಿಯುವವರೆಗೂ. ಬೂದಿಯಾದ ಮುಖಕ್ಕೆ ನೆತ್ತರು ಬಂತು. ಅಂತರ ಮತ್ತೆ ಹಿಗ್ಗಿತು.

“ನೋಡ್ದಾ! ನೋಡ್ದಾ ನನ್ ಮಗಳ!” ಎಂದು ಚಿನ್ನತಾಯಿ ಮೇನಕಾಳ ಭುಜ ಹಿಡಿದು ಅಲ್ಲಾಡಿಸಿದಳು.

ಆ ತಿರುವಿನಲ್ಲಿ ಬೇರೆ ತೀರ್ಪುಗಾರರಿರಲಿಲ್ಲ. ಚೀಟಿ ಬರೆಯದಿದ್ದರೆ ಕೇಳುವವರಿಲ್ಲ. ಹುಡುಗಿ ಗೆಲ್ಲುತ್ತಾಳೆ, ಶಿಬಿರಕ್ಕೆ ಹೋಗುತ್ತಾಳೆ, ಬ್ಲೇಜರ್ ತೊಡುತ್ತಾಳೆ. ಆಮೇಲೆ ಯಾವುದೋ ಊರಿನ ಹದಿನೆಂಟನೇ ಕಿಲೋಮೀಟರಿನಲ್ಲಿ, ಭಾಷೆ ಬಾರದ ಯಾರೋ ಇಬ್ಬರು ಅವಳ ತೋಳು ಹಿಡಿದು ಎಳೆಯುತ್ತಾರೆ. ಅವಳು ವಾಪಸ್ಸು ಬಂದಾಗ ಸೇಲಂ ಬಸ್ ನಿಲ್ದಾಣದಲ್ಲಿ ಬೆನ್ನು ತಟ್ಟಿ ‘ನನಗೆ ಆಗಲೇ ಗೊತ್ತಿತ್ತು’ ಎನ್ನಬೇಕಾದವಳು ತಾನು.

ಮೇನಕಾ ಭುಜದಿಂದ ಗೆಳತಿಯ ಕೈ ಬಿಡಿಸಿದಳು. ಚಿನ್ನತಾಯಿಯ ಕಣ್ಣು ದೂರವಾಗುತ್ತಿದ್ದ ಮಗಳ ಮೇಲೇ ಇತ್ತು. ಮೇನಕಾ ಚೀಟಿ ತೆಗೆದು ನಂಬರ್ ಬರೆದಳು, ಹದಿನಾಲ್ಕು. ಬಗ್ಗಿದ ಮಂಡಿಯ ಗುರುತು ಹಾಕಿದಳು. ಹೊತ್ತು ಬರೆದಳು. ಸಹಿ ಮಾಡುವಾಗ ಅಕ್ಷರ ಕೆಡಲಿಲ್ಲ. ಆಮೇಲೆ ಅವಳಿಗೆ ಅದೇ ನೋವಾಯಿತು. ಚೀಟಿ ಒಯ್ಯುವ ಶಾರದ ಟೀಚರ್ ಸ್ಕೂಟಿಯಲ್ಲಿ ಬಂದು ಇಸಿದುಕೊಂಡು ಹೋದರು.

ಕೊನೆಯ ಸುತ್ತು ಮುಗಿಯಲು ಇನ್ನೂರು ಮೀಟರ್ ಇರುವಾಗ ಹರಿಹರನ್ ಕೆಂಪು ತಟ್ಟೆ ಎತ್ತಿದರು. ಅದು ಇನ್ನೊಬ್ಬಳಿಗೆಂದು ಕಾರ್ತಿಕಾ ತಪ್ಪು ತಿಳಿಯಲಿಲ್ಲ. ಕೂಡಲೇ ನಿಂತಳು, ರಸ್ತೆಯ ಬದಿಗೆ ಸರಿದಳು, ತಾನೇ ಬಗ್ಗಿ ಎದೆಯ ನಂಬರ್ ಬಿಚ್ಚಿ ಮಡಿಸಿದಳು. ಎರಡನೆಯವಳು ಅವಳ ಪಕ್ಕದಲ್ಲೇ ಹಾದು ಗೆದ್ದಳು.

ಹಲಗೆಯ ಮೇಲೆ ಮೂರನೇ ಗುರುತಿನ ಪಕ್ಕ ತೀರ್ಪುಗಾರರ ಸಂಖ್ಯೆ ಬರೆಯುತ್ತಾರೆ. ಐದು. ಐದು ಯಾರೆಂದು ಶಿವರಾಮನ್ ಓದಿ ಹೇಳಿದರು. ಚಿನ್ನತಾಯಿ ಮೇನಕಾ ನಿಂತಿದ್ದ ಕಡೆಗೆ ಬಂದಳು. ಅಷ್ಟೂ ಜನರ ಮುಂದೆ ನಿಂತಳು.

“ನೀನಾ?”

ಮೇನಕಾ ಟೋಪಿ ತೆಗೆದಳು.

“ನಿನಗೆ ಸಿಕ್ಕಲಿಲ್ಲ, ಅದುಕ್ಕೆ ನನ್ ಮಗಳಿಗೂ ಬ್ಯಾಡ. ಅಷ್ಟೇ ತಾನೆ? ಒಂದೇ ಕಡ್ಡೀಲಿ ಏಟು ತಿಂದೋಳು ನೀನು. ನಿನ್ ಅಜ್ಜಿ ಇದ್ದಿದ್ರೆ ಮಕಕ್ಕೆ ಉಗಿಯೋಳು.”

“ಚಿನ್ನತಾಯಿ...”

“ಯೇಳು, ಏನ್ ಯೇಳ್ತೀಯಾ ಯೇಳು! ನಾಲ್ಕು ಸುತ್ತು ಎಷ್ಟ್ ಚೆಂದ ಬಂದ್ಳು ನನ್ ಮಗಳು. ಆಮ್ಯಾಕೆ ಏನ್ ಕಾಣ್ತು ನಿನ್ ಕಣ್ಣಿಗೆ?”

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ನಿನ್ನ ಕೂಗಿಗೆ ಬಗ್ಗಿದ ಮಂಡಿ ಕಂಡಿತು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅವ್ವನ ಹಿಂದೆ ನಿಂತಿದ್ದ ಕಾರ್ತಿಕಾಳ ಮುಖ ಕಂಡಿತು. ಹುಡುಗಿ ಕಣ್ಣು ಕದಲಿಸದೆ ಮೇನಕಾಳನ್ನೇ ನೋಡುತ್ತಿದ್ದಳು.

“ಮಂಡಿ ಬಗ್ತು” ಎಂದಳು ಮೇನಕಾ. “ನಾನ್ ನೋಡ್ದೆ, ಬರುದೆ.”

“ನಿನ್ ಕಣ್ ಇಂಗೋಗ!” ಎಂದು ಚಿನ್ನತಾಯಿ ಬಾಳೆಹಣ್ಣಿನ ಚೀಲವನ್ನು ಅವಳ ಕಾಲಬುಡದಲ್ಲಿ ಎಸೆದು ಬಸ್ಸಿನ ಕಡೆ ನಡೆದಳು. ಹೋಗುವಾಗಲೂ ಬೆಟ್ಟದವಳ ನಡಿಗೆಯೇ, ಮಂಡಿ ಸಡಿಲ.

ಚೀಲ ಎತ್ತಿಕೊಳ್ಳುವ ನೆಪದಲ್ಲಿ ಕಾರ್ತಿಕಾ ಹಿಂದೆ ಉಳಿದಳು. ಬಗ್ಗಿ, ಹಣ್ಣುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಾ, ತಲೆ ಎತ್ತದೆ ಮಾತಾಡಿದಳು.

“ಅತ್ತೆ, ಅವ್ವಂಗೆ ಯೇಳ್ಬ್ಯಾಡಿ.”

“ಏನ್ನ?”

“ಗೊತ್ತಲ್ಲ ನಿಮಗೆ. ಕೇಳುದ್ರೆ ಅವ್ಳು ತಡಕೊಳ್ಳಲ್ಲ. ಬಾವಿಗ್ ಬೀಳ್ತಾಳೆ.”

“ಯೇಳಲ್ಲ.”

“ಪ್ರಾಮಿಸ್ಸಾ?”

“ಪ್ರಾಮಿಸ್ಸು. ನೀನು ನಡಿಗೆ ಬುಡ್ಬ್ಯಾಡ ಮಗಾ. ನನ್ ತಾವ ಬಾ.”

ಹುಡುಗಿ ಚೀಲ ಕಟ್ಟಿ ಎದ್ದಳು. “ನಿಮ್ ತಾವ ಎಂಗ್ ಬರ್ಲಿ ಅತ್ತೆ, ಇನ್ ಮ್ಯಾಲೆ?” ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಹೋದಳು.

ಅವಳು ಈಗ ಮೇಟ್ಟೂರಿನ ಒಂದು ಜವಳಿ ಅಂಗಡಿಯಲ್ಲಿ ನಿಂತುಕೊಂಡೇ ಮಾಡುವ ಕೆಲಸಕ್ಕಿದ್ದಾಳೆ ಎಂದು ಸುದ್ದಿ. ಶಿವರಾಮನ್ ಬೇರೆ ಹುಡುಗಿಯನ್ನು ಹುಡುಕಿಕೊಂಡಿದ್ದಾರೆ, ಅದೇ ಬೆಟ್ಟದವಳನ್ನು. ಹರಿಹರನ್ ಹಾಗೂ ಉಳಿದವರು ಮೇನಕಾಳ ಧೈರ್ಯವನ್ನು ಒಂದು ಸಭೆಯಲ್ಲಿ ಹೊಗಳಿ ಶಾಲು ಹೊದಿಸಿದರು. ಅವಳು ಅದನ್ನು ಮಡಿಸಿ ಶಾಲೆಯ ಬೀರುವಿನಲ್ಲಿ, ಹಾಲಿನಪುಡಿಯ ಪಂಜಿನ ಪಕ್ಕ ಇಟ್ಟಳು.

ತಿಂಗಳಿಗೊಮ್ಮೆ ಅಪ್ಪನನ್ನು ನೋಡಲು ಅವಳು ಬೆಟ್ಟಕ್ಕೆ ಹೋಗುತ್ತಾಳೆ. ಜೀಪು ನಿಲ್ಲುವ ಜಾಗದ ಪಕ್ಕವೇ ಚಿನ್ನತಾಯಿಯ ಮನೆ. ಮೇನಕಾ ಇಳಿಯುವುದನ್ನು ಕಂಡರೆ ಅವಳು ಕಟ್ಟೆಯ ಮೇಲಿಂದ, ಊರಿಗೆಲ್ಲ ಕೇಳುವಂತೆ, ಕೋಳಿಗೋ ನಾಯಿಗೋ ಹೇಳುತ್ತಾಳೆ.

“ಬಂದ್ಳಪ್ಪಾ ಕೆಂಪು ಚೀಟಿಯೋಳು. ಎಲ್ರೂ ಮಂಡಿ ನೆಟ್ಟಗ್ ಇಟ್ಕೊಳಿ!”

ಕಟ್ಟೆಯ ಮೇಲಿನವರು ನಗುತ್ತಾರೆ. ಜೀಪಿನವನೂ ನಗುತ್ತಾನೆ. ಮೇನಕಾ ಸೆರಗಿನ ಪಿನ್ನು ಸರಿಪಡಿಸಿಕೊಂಡು ಕಲ್ಲುದಾರಿ ಹತ್ತುತ್ತಾಳೆ.